ಹೆಸರು ಮುಚ್ಚಿಟ್ಟು ಗೋಲ್ಡಿಂಗ್ ಓದಿಸಿದೆ

ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಗೋಲ್ಡಿಂಗ್ ನನ್ನವನು. 'ಓ, ಅವನಾ, ನಮಗೆ ಪಠ್ಯದಲ್ಲಿತ್ತು' ಅಂತ ಯಾರಾದರೂ ಅಂದರೆ ಮೈ ಉರಿಯುತ್ತಿತ್ತು. 1954ರ 'ಲಾರ್ಡ್ ಆಫ್ ದ ಫ್ಲೈಸ್' ಓದಿ, ಅದರಲ್ಲಿನ ಶಂಖ ಯಾವುದರ ಸಂಕೇತ, ಪಿಗ್ಗಿ ಎಂಬ ಹುಡುಗನ ಕನ್ನಡಕ ಯಾವುದರ ಸಂಕೇತ ಅಂತ ಐದು ಅಂಕಕ್ಕೆ ಬರೆದರೆ ಅವನ ಕಥೆ ಮುಗಿಯಿತು. ಮರುವರ್ಷವೇ ಬಂದ ಅವನ ಕಾದಂಬರಿ 'ದಿ ಇನ್‌ಹೆರಿಟರ್ಸ್' ಮುಟ್ಟಿದವರು ನಮ್ಮ ಓದುಬಳಗದ ಹುಡುಗರಲ್ಲಿ ಒಬ್ಬರೂ ಇರಲಿಲ್ಲ. ಪಠ್ಯವಾದ ಲೇಖಕನನ್ನು ಮತ್ತೆ ಓದಿಸೋದು ಆಗದ ಮಾತು ಎಂದು ಜೊತೆಯವರೆಲ್ಲ ಹೇಳಿಬಿಟ್ಟಿದ್ದರು.

ಮೊದಲ ಸಲ ದುಡ್ಡು ಸುರಿದೆ. ಅದರ ಹನ್ನೆರಡೋ ಹದಿಮೂರೋ ಪ್ರತಿ ಕೊಂಡು ಹಂಚಿದೆ. ಸಂಬಳದ ಕಾಲುಭಾಗ ಹೋಯಿತು. ಓದಿ ಮುಗಿಸಿದವರು ಇಬ್ಬರು, ಮೂರು ಪ್ರತಿ ವಾಪಸೇ ಬರಲಿಲ್ಲ. ಎರಡನೇ ಸಲ ಒಂದು ಗಂಟೆ ಮಾತಾಡಿದೆ: 1983ರ ನೊಬೆಲ್, ನೌಕಾಪಡೆಯ ದಿನಗಳು, ಮೇಷ್ಟ್ರುಗಿರಿ. 'ನಿಮ್ಮಷ್ಟು ನಮಗೆ ಅರ್ಥ ಆಗಲ್ಲ ಬಿಡಿ ಸರ್' ಅಂದರು. ಪಠ್ಯಪುಸ್ತಕ ಮಾಡಿದ ಕೆಲಸವನ್ನೇ ನಾನೂ ಮಾಡಿದ್ದೆ.

ಮೂರನೇ ಸಲ ಲೇಖಕನ ಹೆಸರು, ಶೀರ್ಷಿಕೆ ಎರಡೂ ತೆಗೆದು ಆ ಕಾದಂಬರಿಯ ಒಂದೇ ದೃಶ್ಯ ಕೊಟ್ಟೆ. ನಿಯಾಂಡರ್ತಾಲ್ ಎಂಬ, ಈಗ ಅಳಿದುಹೋದ ಆದಿಮಾನವ ಕುಲದ ಲೋಕ್ ನೀರಿನಾಚೆ ನೋಡುತ್ತಿದ್ದಾನೆ. ಅಲ್ಲೊಬ್ಬನ ಕೈಯ ಕೋಲು ಎರಡೂ ತುದಿಯಲ್ಲಿ ಗಿಡ್ಡವಾಗಿ ಮತ್ತೆ ಉದ್ದವಾಗುತ್ತದೆ. ಲೋಕ್‌ನ ಕಿವಿ ಪಕ್ಕದ ಮರದಲ್ಲಿ ಥಟ್ಟನೆ ಒಂದು ಕಡ್ಡಿ ಮೂಡುತ್ತದೆ. 'ಏನಾಯಿತು?' ಅಷ್ಟೇ ಕೇಳಿದೆ. ಎರಡು ಮೂರು ನಿಮಿಷ ಸದ್ದಿಲ್ಲ. ಆಮೇಲೆ ಹಿಂದೆ ಕೂತಿದ್ದ ಹುಡುಗಿ ಎದ್ದೇ ನಿಂತಳು: 'ಬಿಲ್ಲು ಸರ್! ಬಾಣ ಬಿಡ್ತಿದಾರೆ, ಅವನಿಗೆ ಗೊತ್ತೇ ಆಗ್ತಿಲ್ಲ!'

ಯಾರು ಬರೆದದ್ದು ಎಂದು ಎಲ್ಲರೂ ಬೆನ್ನು ಹತ್ತಿದರು. ಒಂದು ವಾರ ಬಾಯಿ ಬಿಡಲಿಲ್ಲ. ಆ ವಾರ ಕಾಯಿಸಲೇಬೇಕು. ದೃಶ್ಯವನ್ನು ಯಾವ ವಾಕ್ಯಕ್ಕೆ ಕತ್ತರಿಸಿದೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ. ಇಪ್ಪತ್ತರಲ್ಲಿ ಹದಿನಾಲ್ಕು ಮಂದಿ ಪೂರ್ತಿ ಓದಿದರು. ಇಷ್ಟು ಜನರಿಗೆ ಈ ಕಾದಂಬರಿ ದಾಟಿಸಿದವರು ನಮ್ಮಲ್ಲಿ ಬೇರೆ ಯಾರೂ ಇಲ್ಲ.

ಇದೇ ಹುರುಪಿನಲ್ಲಿ 1956ರ 'ಪಿಂಚರ್ ಮಾರ್ಟಿನ್' ಹಿಡಿದು ಕೊನೆಯ ಪುಟವನ್ನೇ ಮೊದಲು ಓದಿಸಿದೆ. ಪೂರಾ ಕೆಟ್ಟಿತು. ಇಡೀ ಕಾದಂಬರಿ ನಿಂತಿರೋದೇ ಕೊನೆಯ ವಾಕ್ಯದ ಮೇಲೆ: ಸಮುದ್ರಕ್ಕೆ ಬಿದ್ದ ನಾವಿಕನಿಗೆ ಬೂಟು ಕಳಚಲೂ ಸಮಯ ಸಿಕ್ಕಿರಲಿಲ್ಲ. ಒಬ್ಬ ಹುಡುಗ ಮಾತ್ರ ಬೂಟಿನ ಪ್ರಸ್ತಾಪ ಮೊದಲ ಅಧ್ಯಾಯದಲ್ಲಿ ಹೇಗೆ ಬರುತ್ತದೆ ಎಂದು ಹುಡುಕಿ ತಂದ.

ಬಿಲ್ಲು ಗುರುತಿಸಿದ ಆ ಹುಡುಗಿ ಮೊನ್ನೆ 'ದಿ ಇನ್‌ಹೆರಿಟರ್ಸ್'ನ ಫಾ, ಅಂದರೆ ಲೋಕ್‌ನ ಜೊತೆಗಾತಿಯ ಪರವಾಗಿ ವಾದಕ್ಕೆ ನಿಂತಳು: 'ಸರ್, ಈ ಕಥೆ ಲೋಕ್‌ದಲ್ಲ, ಫಾಳದು. ಎಲ್ಲ ಮೊದಲು ಹೊಳೆಯೋದು ಅವಳಿಗೇ.' ಎಂಟು ಸಲ ಓದಿದವನು ನಾನು, ನನಗಿದು ಕಂಡಿರಲಿಲ್ಲ. ಎದೆ ಚುರ್ ಅಂದಿತು. ಈಗ ಒಂಬತ್ತನೇ ಸಲ ಓದುತ್ತಿದ್ದೇನೆ, ಫಾ ಬರುವ ಪುಟಕ್ಕೆಲ್ಲ ಚೀಟಿ ಇಡುತ್ತ.