ತೋಳದ ಡಾಕ್ಟರ್ ಆಗ್ತೀನಿ ಅಂದಿದ್ದೆ

ಮೊದಲ ಸಲ ತೋಳ ನೋಡಿದಾಗ ನನಗೆ ಒಂಬತ್ತು ವರ್ಷ. ಬೀಳಗಿ ತಾಲ್ಲೂಕಿನಲ್ಲಿ ನಮ್ಮ ಅಜ್ಜನ ಊರು, ಸೂಟಿಗೆ ಹೋಗಿದ್ದೆ. ಬೆಳಗಿನ ಜಾವ ಅಜ್ಜನ ಜೊತೆ ಹೊಲಕ್ಕೆ ಹೊರಟಾಗ ಮರಡಿಯ ಮೇಲೆ ಒಂದು ನಾಯಿ ನಿಂತಿತ್ತು. ನಾನು ಚೂ ಚೂ ಎಂದು ಕರೆದೆ. ಅಜ್ಜ ನನ್ನ ಕೈ ಹಿಡಿದು ನಿಲ್ಲಿಸಿದ. "ಸುಮ್ನಿರವ್ವ, ಅದು ನಾಯಿ ಅಲ್ಲ, ತ್ವಾಳ."

ಉದ್ದನೆ ಕಾಲು, ಒಣಗಿದ ಹುಲ್ಲಿನ ಬಣ್ಣದ ಮೈ, ಇಳಿಬಿಟ್ಟ ಬಾಲ. ಅದು ನಮ್ಮನ್ನು ನೋಡಿತು. ಹೆದರಿ ಓಡಲಿಲ್ಲ, ಹಲ್ಲು ತೋರಿಸಲೂ ಇಲ್ಲ. ಸ್ವಲ್ಪ ಹೊತ್ತು ನೋಡಿ, ತಿರುಗಿ, ಒಂದೇ ಸಮನೆ ಹೆಜ್ಜೆ ಹಾಕುತ್ತಾ ಕಲ್ಲುಗಳ ಮಧ್ಯೆ ಇಳಿದುಹೋಯಿತು. ಆ ದಿನದಿಂದ ನನಗೆ ತೋಳದ ಹುಚ್ಚು. ತೋಳದ ಡಾಕ್ಟರ್ ಆಗ್ತೀನಿ ಎಂದು ಅವ್ವನಿಗೆ ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತಾ "ಆಗವ್ವ, ಯಾರ ಬ್ಯಾಡ ಅಂತಾರ" ಎಂದಳು. ನನಗೆ ಅಷ್ಟು ಸಾಕಾಗಿತ್ತು.

ಈಗ ನಾನು ಪಶುವೈದ್ಯೆ, ಬಾಗಲಕೋಟೆ ಜಿಲ್ಲೆಯಲ್ಲೇ ಕೆಲಸ. "ಪ್ರಾಣಿ ಅಂದ್ರೆ ಇಷ್ಟ, ತೋಳ ಅಂದ್ರೆ ಜೀವ, ಏನು ಓದಬೇಕು, ಹೇಗೆ ಶುರು ಮಾಡಬೇಕು" ಎಂದು ಎಷ್ಟೋ ಹುಡುಗ ಹುಡುಗಿಯರು ಕೇಳುತ್ತಾರೆ. ಅವರಿಗಾಗಿ ನಾನು ಮಾಡಿದ್ದನ್ನು ಮಾಡಿದ ಹಾಗೇ ಬರೆಯುತ್ತೇನೆ.

ಓದಿನ ವಿಷಯ ಬೇಗ ಮುಗಿಸುತ್ತೇನೆ. ಪಿಯುಸಿಯಲ್ಲಿ ಸೈನ್ಸ್ ತಗೊಂಡೆ, ಜೀವಶಾಸ್ತ್ರ ಇರಲೇಬೇಕು. ಸಿಇಟಿ ಬರೆದು ಬೀದರಿನ ಪಶುವೈದ್ಯಕೀಯ ಕಾಲೇಜು ಸೇರಿದೆ. ಒಟ್ಟು ಐದೂವರೆ ವರ್ಷ, ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಅಷ್ಟು ವರ್ಷ ಓದಲಿಕ್ಕೆ ಆಗದವರಿಗೆ ಎಸ್‌ಎಸ್‌ಎಲ್‌ಸಿ ಆದ ಮೇಲೆ 2 ವರ್ಷದ ಪಶುಸಂಗೋಪನೆ ಡಿಪ್ಲೊಮಾ ಇದೆ, ಅದೂ ಒಳ್ಳೆಯ ದಾರಿಯೇ. ಕಾಲೇಜಿನಲ್ಲಿ ಕಾಡುಪ್ರಾಣಿಯ ಪಾಠ ಕಡಿಮೆ. ಜಾಸ್ತಿ ಇರುವುದು ಆಕಳು, ಎಮ್ಮೆ, ಕುರಿ, ಕೋಳಿ. ಭುಜದವರೆಗೆ ಕೈ ಹಾಕಿ ಎಮ್ಮೆಯ ಗಬ್ಬ ನೋಡುವುದನ್ನು ಕಲಿಯುವಾಗ ನನ್ನ ಮನಸ್ಸು ಮರಡಿಯ ಮೇಲೆ ಇರುತ್ತಿತ್ತು. ಆದರೆ ಆ ಕಲಿಕೆ ಒಂದೂ ವ್ಯರ್ಥವಾಗಲಿಲ್ಲ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಗಿದ್ದು, ತೋಳವನ್ನು ಯಾರೂ ಆಸ್ಪತ್ರೆಗೆ ಕರೆತರುವುದಿಲ್ಲ. ತರಲೂಬಾರದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಅದು, ಹುಲಿಗೆ ಇರುವ ರಕ್ಷಣೆಯೇ ತೋಳಕ್ಕೂ ಇದೆ. ಮರಿ ಹಿಡಿದು ಸಾಕಿದರೆ 3ರಿಂದ 7 ವರ್ಷ ಜೈಲು ಆಗಬಹುದು. ಕಾನೂನು ಪಕ್ಕಕ್ಕಿಟ್ಟರೂ ಅಷ್ಟೇ, ಗುಂಪು ಕಟ್ಟಿಕೊಂಡು ರಾತ್ರಿಯಿಡೀ ಮೈಲಿಗಟ್ಟಲೆ ತಿರುಗುವ ಜೀವವನ್ನು ಹಿತ್ತಲಲ್ಲಿ ಕಟ್ಟಿಹಾಕುವುದು ಪ್ರೀತಿ ಅಲ್ಲ. ತೋಳ ಸಾಕಬೇಕು ಎಂದು ನನಗೂ ಆಸೆ ಇತ್ತು. ಅದನ್ನು ಬಿಡಲಿಕ್ಕೆ ನನಗೆ ಕಷ್ಟವೇ ಆಯಿತು.

ಹಾಗಾದರೆ ತೋಳಕ್ಕೆ ನಾನು ಏನು ಮಾಡಬಹುದು? ಇದಕ್ಕೆ ಉತ್ತರ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಒಬ್ಬ ಕುರಿಗಾರ ಅಜ್ಜನ ದಡ್ಡಿಯಲ್ಲಿ, ಅಂದರೆ ಬಲೆ ಕಟ್ಟಿ ಕುರಿ ಕೂಡಿಹಾಕುವ ಜಾಗದಲ್ಲಿ.

ಸುಗ್ಗಿ ಮುಗಿದು, ಗೊಬ್ಬರಕ್ಕೆಂದು ರಾತ್ರಿ ಹೊಲದಲ್ಲಿ ಕುರಿ ತರುಬುವ ಕಾಲ. ಬೆಳಗ್ಗೆ ಆರಕ್ಕೆ ಫೋನ್ ಬಂತು, ಹೋದೆ. ಹದಿನಾರು ಕುರಿ ಸತ್ತಿದ್ದವು, ಇನ್ನೊಂದಿಷ್ಟು ಗಾಯಗೊಂಡು ಕುಂಟುತ್ತಿದ್ದವು. ಊರಿನ ನಾಲ್ಕೈದು ಹುಡುಗರು ಸಿಟ್ಟಿನಲ್ಲಿ ನಿಂತಿದ್ದರು. ಸತ್ತ ಕುರಿಗೆ ವಿಷ ಸವರಿ ಹಳ್ಳದ ದಂಡೆಗೆ ಇಡೋಣ, ತೋಳ ಬಂದು ತಿಂದು ಸಾಯಲಿ ಎಂದು ಮಾತಾಡುತ್ತಿದ್ದರು. ಹೊಲಕ್ಕೆ ಹೊಡೆಯುವ ಔಷಧಿಯ ಡಬ್ಬಿಯೂ ಬಂದಾಗಿತ್ತು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅನ್ನುತ್ತೇವಲ್ಲ, ಹಾಗೇ ಇತ್ತು ಅಲ್ಲಿನ ಮಾತು. ಅಜ್ಜ ಮಾತ್ರ ತಲೆ ಮೇಲೆ ಕೈ ಹೊತ್ತು ಕೂತಿದ್ದ.

ನಾನು ಒಂದೊಂದೇ ಕುರಿ ತಿರುಗಿಸಿ ನೋಡಿದೆ. ತೊಡೆ ಹರಿದಿತ್ತು, ಬಾಲದ ಬುಡ ಹರಿದಿತ್ತು, ಕಿವಿ ಕಿತ್ತಿತ್ತು. ಉಣ್ಣೆ ಎಲ್ಲ ಕಡೆ ಚೆಲ್ಲಾಡಿತ್ತು. ಒಂದನ್ನೂ ಸರಿಯಾಗಿ ತಿಂದಿರಲಿಲ್ಲ. ತೋಳ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಗಂಟಲು ಹಿಡಿಯುತ್ತದೆ, ಒಂದನ್ನು ಎತ್ತಿಕೊಂಡು ಹೋಗುತ್ತದೆ, ಮರಿ ಸಿಕ್ಕರೆ ಗುರುತೂ ಉಳಿಯುವುದಿಲ್ಲ. ಇದು ನಾಯಿಗಳ ಕೆಲಸ. ಬಲೆಯ ಹೊರಗೆ ಹಸಿ ಮಣ್ಣಿನಲ್ಲಿ ಹೆಜ್ಜೆಗಳೂ ಇದ್ದವು, ಅಡ್ಡಾದಿಡ್ಡಿ, ದೊಡ್ಡವು ಸಣ್ಣವು ಕೂಡಿ ಐದಾರು ನಾಯಿಗಳದ್ದು. ತೋಳ ನಡೆದರೆ ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ ಹೆಜ್ಜೆ ಬೀಳುತ್ತದೆ. ಹುಡುಗರನ್ನು ಕರೆದು ಕೂರಿಸಿ ಎಲ್ಲಾ ತೋರಿಸಿದೆ. ಊರಾಚೆ ಕೋಳಿ ಅಂಗಡಿಯ ತಿಪ್ಪೆ ಹತ್ತಿರ ಬೆಳೆದ ನಾಯಿಗಳು ಎಂದು ಅವರಿಗೇ ಹೊಳೆಯಿತು. ಔಷಧಿ ಡಬ್ಬಿ ಮನೆಗೆ ವಾಪಸ್ ಹೋಯಿತು.

ಆಗ ಅಜ್ಜ ಬಾಯಿ ಬಿಟ್ಟ. "ಯವ್ವಾ, ತ್ವಾಳ ನಮ್ಮ ಮನಿ ಮಂದಿ ಇದ್ದಂಗ. ವರ್ಷಕ್ಕ ಒಂದೆರಡು ಅದರ ಪಾಲು, ಅದು ಒಯ್ಯೂದ. ಹದಿನಾರು ಒಯ್ಯಾಂಗಿಲ್ಲ."

ಆ ಮಾತು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ತೋಳವನ್ನು ಇಷ್ಟು ಕಾಲ ಉಳಿಸಿಕೊಂಡು ಬಂದವರು ಇವರೇ. ಇವರ ಕುರಿ ಚೆನ್ನಾಗಿದ್ದರೆ ತೋಳಕ್ಕೆ ಪಾಲು ಕೊಡುವ ಮನಸ್ಸು ಉಳಿಯುತ್ತದೆ. ಪಿಪಿಆರ್ ಎಂಬ ಕುರಿ ಪ್ಲೇಗು ಬಂದು, ಕರುಳು ಬೇನೆ ಬಂದು, ನೀಲಿ ನಾಲಿಗೆ ಬಂದು ಅರ್ಧ ಮಂದೆ ಹೋದ ವರ್ಷ ಯಾರಿಗೆ ತಾನೇ ಆ ಮನಸ್ಸು ಇರುತ್ತದೆ ಹೇಳಿ. ಅವತ್ತಿನಿಂದ ಕುರಿಗೆ ಹಾಕುವ ಒಂದೊಂದು ಸೂಜಿಯೂ ತೋಳಕ್ಕೇ ಹಾಕಿದ್ದು ಎಂದು ನನಗೆ ಅನ್ನಿಸುತ್ತದೆ. ಬೀದರಿನಲ್ಲಿ ಕಲಿತಿದ್ದು ವ್ಯರ್ಥವಾಗಲಿಲ್ಲ ಎಂದಿದ್ದು ಇದಕ್ಕೇ.

ಇನ್ನೊಂದು ಕೆಲಸ ನಾಯಿಗಳದ್ದು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಇದನ್ನು ಯಾವ ಊರಿನಲ್ಲಾದರೂ ಮಾಡಬಹುದು. ತೋಳ, ನಾಯಿ ಎರಡೂ ಒಂದೇ ಕುಲ. ನಾಯಿಗೆ ಬರುವ ಹುಚ್ಚು ರೋಗ (ರೇಬೀಸ್), ಡಿಸ್ಟೆಂಪರ್, ಪಾರ್ವೊ ಎಂಬ ವೈರಸ್ ರೋಗಗಳು ಎಲ್ಲಾ ತೋಳಕ್ಕೂ ಬರುತ್ತವೆ. ಒಂದೇ ಹಳ್ಳದಲ್ಲಿ ನೀರು ಕುಡಿಯುತ್ತವೆ, ಒಂದೇ ಸತ್ತ ದನ ತಿನ್ನುತ್ತವೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಸಿಂಹಗಳು ಸಾಲಾಗಿ ಸತ್ತವಲ್ಲ, ಆಗ ಸಿಕ್ಕಿದ್ದೂ ಈ ಡಿಸ್ಟೆಂಪರ್ ವೈರಸ್ಸೇ. ಇಡೀ ದೇಶದಲ್ಲಿ ಉಳಿದಿರುವುದು ಸುಮಾರು 3,000 ತೋಳ. ಒಂದು ಗುಂಪಿಗೆ ರೋಗ ಹತ್ತಿದರೆ ಆ ಕಡೆ ಮರಡಿ ಖಾಲಿ. ಕಾಡಿನ ತೋಳ ಹಿಡಿದು ಸೂಜಿ ಹಾಕಲಿಕ್ಕೆ ಆಗುವುದಿಲ್ಲ, ಅದರ ಸುತ್ತ ಇರುವ ನಾಯಿಗೆ ಹಾಕಬಹುದು.

ಮೊದಲ ಕ್ಯಾಂಪು ಪೂರ್ತಿ ಹಾಳಾಯಿತು. ಏಪ್ರಿಲ್ ತಿಂಗಳು, ನಮ್ಮ ಕಡೆ ಬಿಸಿಲು ಗೊತ್ತಲ್ಲ. 60 ಡೋಸ್ ರೇಬೀಸ್ ಲಸಿಕೆಯನ್ನು ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಹಾಕಿ ಒಯ್ದಿದ್ದೆ. ಹತ್ತು ಗಂಟೆಗೆ ಶುರು ಮಾಡಿದೆ. ಅಷ್ಟೊತ್ತಿಗೆ ಮಂದೆ ಎದ್ದು ಹೋಗಿತ್ತು, ಮಂದೆಯ ಜೊತೆ ನಾಯಿಗಳೂ ಹೋಗಿದ್ದವು. ಹುಡುಕಿಕೊಂಡು ಅಲೆದೆ. ಮಧ್ಯಾಹ್ನ ಡಬ್ಬಿ ತೆಗೆದರೆ ಐಸ್ ನೀರಾಗಿ ಬಾಟಲಿ ಬೆಚ್ಚಗಾಗಿತ್ತು. ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಉಳಿದ 43 ಡೋಸ್ ಚೆಲ್ಲಿದೆ. ದುಡ್ಡು ನನ್ನದೇ ಆಗಿತ್ತು, ಹೊಟ್ಟೆ ಉರಿಯಿತು. ಆದರೆ ಕೆಟ್ಟ ಲಸಿಕೆ ಹಾಕಿ ಆಯಿತು ಎಂದು ಹೇಳಿದರೆ ಒಬ್ಬರ ಮನೆಯ ಮಗುವಿನ ಜೀವಕ್ಕೆ ಬರುತ್ತದೆ.

ಈಗ ಬೆಳಗ್ಗೆ ಐದೂವರೆಗೆ ದಡ್ಡಿಯಲ್ಲಿ ಇರುತ್ತೇನೆ. ಕುರಿ ಇನ್ನೂ ಬಲೆಯೊಳಗೆ, ನಾಯಿ ಬೂದಿಯ ಪಕ್ಕ ಮುದುಡಿ ಮಲಗಿರುತ್ತದೆ. ಮಂದೆಯ ನಾಯಿ ಹೊರಗಿನವರನ್ನು ಮುಟ್ಟಗೊಡುವುದಿಲ್ಲ, ಹಾಗಾಗಿ ಕುರಿಗಾರರೇ ಹಿಡಿಯಬೇಕು. ಒಬ್ಬ ಅಣ್ಣ ಕಲಿಸಿದ ಉಪಾಯ ಇದು: ನಾಯಿಯ ತಲೆ ಮೇಲೆ ಯಜಮಾನನ ಕಂಬಳಿ ಹಾಕುವುದು. ಅವನ ವಾಸನೆ, ಕತ್ತಲು, ಎರಡೂ ಸೇರಿ ನಾಯಿ ಸುಮ್ಮನಾಗುತ್ತದೆ. ಭುಜದ ಹಿಂದೆ ಚರ್ಮ ಎತ್ತಿ ಸೂಜಿ ಹಾಕಿದರೆ ಅದಕ್ಕೆ ಗೊತ್ತಾಗುವಷ್ಟರಲ್ಲಿ ಮುಗಿದಿರುತ್ತದೆ. ಮೂರು ತಿಂಗಳು ತುಂಬಿದ ಮರಿಗೆ ಮೊದಲ ರೇಬೀಸ್ ಸೂಜಿ, ಆಮೇಲೆ ವರ್ಷಕ್ಕೊಂದು. ಅಲೆಮಾರಿ ಮಂದಿಯ ಹತ್ತಿರ ಕಾರ್ಡು ಉಳಿಯುವುದಿಲ್ಲ, ಅದಕ್ಕೆ ವರ್ಷಕ್ಕೊಂದು ಬಣ್ಣದ ಕೊರಳಪಟ್ಟಿ ಕಟ್ಟುತ್ತೇನೆ. ದೂರದಿಂದಲೇ ಗೊತ್ತಾಗುತ್ತದೆ, ಯಾವುದಕ್ಕೆ ಬಾಕಿ ಎಂದು.

ಈ ಕೆಲಸಕ್ಕೆ ಇಳಿಯುವವರು ಮೊದಲು ತಾವು ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕು, ನಾನು 0, 7, 21ನೇ ದಿನ ಮೂರು ಸೂಜಿ ಹಾಕಿಸಿಕೊಂಡೆ. ಯಾವ ಪ್ರಾಣಿ ಕಚ್ಚಿದರೂ ಮೊದಲು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಆಮೇಲೆ ನೇರ ಆಸ್ಪತ್ರೆ. ಖಾರದ ಪುಡಿ, ಸುಣ್ಣ ಹಚ್ಚಬೇಡಿ. ತೋಳಕ್ಕೆ ಹುಚ್ಚು ಹಿಡಿದರೆ ಮನುಷ್ಯರ ಮೇಲೆ ಬೀಳುತ್ತದೆ, ಮುಖಕ್ಕೂ ಕಚ್ಚುತ್ತದೆ. ಅಂಥ ಗಾಯಕ್ಕೆ ಲಸಿಕೆಯ ಜೊತೆ ಸೀರಮ್ (ರೇಬೀಸ್ ತಡೆಯುವ ಸಿದ್ಧ ಪ್ರತಿಕಾಯದ ಸೂಜಿ) ಕೂಡ ಬೇಕು. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ತೋಳಗಳಿಂದ ಮಕ್ಕಳು ಸತ್ತರು ಎಂದು ಸುದ್ದಿ ಬಂದಾಗ ನಮ್ಮ ಕಡೆಯಿಂದಲೂ ಬಹಳ ಫೋನ್ ಬಂದವು. ಹೆದರಬೇಡಿ ಎಂದು ಬಾಯಿಮಾತಿಗೆ ಹೇಳಲಿಲ್ಲ. ಮಕ್ಕಳನ್ನು ಕತ್ತಲಲ್ಲಿ ಹೊರಗೆ ಒಬ್ಬರನ್ನೇ ಬಿಡಬೇಡಿ, ತೋಳ ಮಂಕಾಗಿ ತೂರಾಡುತ್ತಿದ್ದರೆ ಹತ್ತಿರ ಹೋಗದೆ ಅರಣ್ಯ ಇಲಾಖೆಯ 1926ಕ್ಕೆ ಹೇಳಿ ಎಂದೆ. ಪ್ರೀತಿ ಇದ್ದವರು ಅಪಾಯವನ್ನು ಮುಚ್ಚಿಡಬಾರದು.

ಈಗ ಮರಿಗಳ ವಿಷಯ. ಇದನ್ನು ಬರೆಯಬೇಕೆಂದೇ ಕೂತಿದ್ದೆ.

ಎಳ್ಳ ಅಮವಾಸ್ಯೆಗೆ ನಾಲ್ಕು ದಿನ ಇತ್ತು. ಚಿಂಕಾರ ಎಂಬ ಸಣ್ಣ ಹುಲ್ಲೆಗೆಂದು ಇರುವ ಯಡಹಳ್ಳಿ ವನ್ಯಜೀವಿ ಧಾಮದಿಂದ ಸ್ವಲ್ಪ ದೂರ, ಧಾಮದ ಹೊರಗೆ, ಒಂದು ಮರಡಿಯನ್ನು ಜೆಸಿಬಿ ಹಚ್ಚಿ ಸಮ ಮಾಡುತ್ತಿದ್ದರು. ನೀರು ಬಂದ ಮೇಲೆ ನಮ್ಮ ಕಡೆ ಕಲ್ಲು ನೆಲವೂ ಕಬ್ಬಿನ ಹೊಲ ಆಗುತ್ತಿದೆ. ಹೊಲದವರ ಕಷ್ಟ ನನಗೆ ಗೊತ್ತು, ನಾನೂ ಹೊಲದ ಮನೆಯವಳೇ. ಆದರೆ ತೋಳಕ್ಕೆ ಇರುವುದು ಆ ಮರಡಿ ಒಂದೇ ಅಲ್ವಾ. ಬಕೆಟ್ ಮಣ್ಣು ಎತ್ತಿದಾಗ ಗವಿ ಬಾಯಿ ಬಿಟ್ಟಿತು, ಒಳಗೆ ನಾಲ್ಕು ಮರಿ. ಡ್ರೈವರ್ ಗಾಡಿ ನಿಲ್ಲಿಸಿ ಫೋನ್ ಮಾಡಿದ. ಆ ಹುಡುಗನ ಋಣ ನನ್ನ ಮೇಲೆ ಇದೆ.

ಅರಣ್ಯ ಇಲಾಖೆಯವರಿಗೆ ಹೇಳಿ ಅವರ ಜೊತೆಯೇ ಹೋದೆ. ಅಷ್ಟರಲ್ಲಿ ಯಾರೋ ಮರಿಗಳನ್ನು ಗೋಣಿಚೀಲಕ್ಕೆ ಹಾಕಿ, ಬಟ್ಟಲಲ್ಲಿ ಆಕಳ ಹಾಲು ಇಟ್ಟಿದ್ದರು. ಹಾಲು ತೆಗೆಸಿದೆ. ಕೈಗವಸು ಹಾಕಿಕೊಂಡು ಒಂದೊಂದೇ ನೋಡಿದೆ. ಮೂರ್ನಾಲ್ಕು ವಾರದವು. ಕಡು ಕಂದು ಮೈ, ಎದೆಯ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಚ್ಚೆ, ಕಣ್ಣು ಇನ್ನೂ ನೀಲಿ. ಒಂದು ನನ್ನ ಹೆಬ್ಬೆರಳು ಹಿಡಿದು ಚೀಪಿತು. ಒಂಬತ್ತನೇ ವಯಸ್ಸಿನಿಂದ ಕಂಡ ಕನಸು ಅಂಗೈಯಲ್ಲಿ ಬೆಚ್ಚಗೆ ಮಲಗಿತ್ತು. ಮೈ ಬೆಚ್ಚಗಿದೆ, ಹೊಟ್ಟೆ ತುಂಬಿದೆ, ಗಾಯ ಇಲ್ಲ. ನನ್ನ ಕೆಲಸ ಅಷ್ಟೇ ಇತ್ತು. ಎರಡು ನಿಮಿಷದಲ್ಲಿ ಕೆಳಗಿಟ್ಟೆ.

ಗವಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಬಂಡೆಯ ಸಂದಿಗೆ ಮರಿಗಳನ್ನು ಬಿಟ್ಟು, ಇಲಾಖೆಯವರು ಟ್ರ್ಯಾಪ್ ಕ್ಯಾಮೆರಾ ಕಟ್ಟಿದರು. ಜೆಸಿಬಿ ಕಳಿಸಿದೆವು, ಜನರನ್ನು ಕಳಿಸಿದೆವು, ನಾಯಿ ಬರದ ಹಾಗೆ ದಾರಿಗೆ ಇಬ್ಬರನ್ನು ನಿಲ್ಲಿಸಿದೆವು. ಅರ್ಧ ಕಿಲೋಮೀಟರ್ ಆಚೆ ಜೀಪಿನಲ್ಲಿ ಲೈಟು ಆರಿಸಿ ಕೂತೆವು. ಕತ್ತಲೆ, ಚಳಿ. ಜೋಳದ ಹೊಲದಿಂದ ಗಾಳಿ ಬಂದರೆ ಸರ ಸರ ಸದ್ದು. ತಾಯಿ ಬರದಿದ್ದರೆ ಏನು ಮಾಡುವುದು ಎಂದು ಗಾರ್ಡ್ ಎರಡು ಸಲ ಕೇಳಿದರು. ಎರಡು ಸಲವೂ ಬರ್ತಾಳೆ ಸರ್ ಎಂದೆ. ನನಗೇನೂ ಖಾತ್ರಿ ಇರಲಿಲ್ಲ. ಒಂಬತ್ತೂವರೆ ಸುಮಾರಿಗೆ ಮರಡಿಯ ಆಚೆಯಿಂದ ಒಂದು ಕೂಗು ಬಂತು. ಉದ್ದ ಇರಲಿಲ್ಲ, ಗಂಟಲಲ್ಲೇ ನಿಂತ ಹಾಗೆ. ಆಮೇಲೆ ಮತ್ತೆ ಏನೂ ಇಲ್ಲ.

ಬೆಳಕು ಹರಿದ ಮೇಲೆ ಹೋಗಿ ಕ್ಯಾಮೆರಾ ತೆಗೆದೆವು. 9:52ಕ್ಕೆ ಬಂದಿದ್ದಳು. ಮೊದಲ ಫೋಟೋದಲ್ಲಿ ಬರೀ ಕಣ್ಣು. ಎರಡನೆಯದರಲ್ಲಿ ಬಾಯಲ್ಲಿ ಮರಿ, ಕುತ್ತಿಗೆ ಹಿಡಿದು ಎತ್ತಿದ್ದಾಳೆ, ಅದರ ಹಿಂಗಾಲು ತೂಗಾಡುತ್ತಿದೆ. 10:31ಕ್ಕೆ ಎರಡನೇ ಮರಿ. 11:08ಕ್ಕೆ ಮೂರನೆಯದು, ಈ ಸಲ ಜೊತೆಗೆ ಇನ್ನೊಂದು ತೋಳ, ಸ್ವಲ್ಪ ಹಿಂದೆ ನಿಂತು ದಾರಿ ಕಾಯುತ್ತಿತ್ತು. ಆಮೇಲೆ ಬಹಳ ಹೊತ್ತು ಖಾಲಿ ಫೋಟೋ. ಗಾರ್ಡ್ ಒಂದೊಂದೇ ಫೋಟೋ ಸರಿಸುತ್ತಿದ್ದರು, ನಾನು ಉಸಿರು ಹಿಡಿದಿದ್ದೆ. 1:47ಕ್ಕೆ ನಾಲ್ಕನೆಯದು.

ಬಂಡೆಯ ಸಂದಿಯಲ್ಲಿ ಕೈ ಇಟ್ಟು ನೋಡಿದೆ, ಖಾಲಿ. ಅಲ್ಲಿಂದ ನೆಟ್ಟಗೆ ಒಂದು ಸಾಲು ಹೆಜ್ಜೆ, ಹಳ್ಳ ದಾಟಿ, ಧಾಮದ ಕಡೆಗೆ.