ಲಿಂಫೋಮಾದಲ್ಲಿ ವೈರಸ್ ಹುಡುಕುವುದು: ಯಾವ ಕೋಶದೊಳಗೆ ಕೂತಿದೆ ಅನ್ನುವುದೇ ಪ್ರಶ್ನೆ

ದುಗ್ಧಗ್ರಂಥಿಯ ಬಯಾಪ್ಸಿ ಜೊತೆ ಬರುವ ಚೀಟಿಯಲ್ಲಿ ಆಗಾಗ ಹೀಗೊಂದು ಸಾಲು ಇರುತ್ತದೆ: "ಇಬಿವಿ ಐಜಿಜಿ ಪಾಸಿಟಿವ್, ಲಿಂಫೋಮಾ ಇರಬಹುದೇ?" ಅಂದರೆ ಎಪ್‌ಸ್ಟೀನ್-ಬಾರ್ ವೈರಸ್ಸಿನ (ಇಬಿವಿ) ವಿರುದ್ಧದ ಆ್ಯಂಟಿಬಾಡಿ ರಕ್ತದಲ್ಲಿದೆ, ಇದು ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರೇ ಎಂಬ ಪ್ರಶ್ನೆ. ಸ್ಲೈಡ್ ನೋಡುವವರಿಗೆ ಆ ರಕ್ತಪರೀಕ್ಷೆಯಿಂದ ಕಾಸಿನ ಪ್ರಯೋಜನವಿಲ್ಲ. ವಯಸ್ಕರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿಯ ಮೈಯಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ ಇದ್ದೇ ಇದೆ. ಒಮ್ಮೆ ಹೊಕ್ಕಿತೆಂದರೆ ಸಾಯುವವರೆಗೂ ಬಿ ಕೋಶಗಳೆಂಬ ಲಿಂಫೋಸೈಟ್‌ಗಳಲ್ಲಿ ತೆಪ್ಪಗೆ ಮಲಗಿರುತ್ತದೆ. ಅಂಗಾಂಶವನ್ನು ಅರೆದು ವೈರಸ್ಸಿನ ಡಿಎನ್‌ಎ ಹುಡುಕುವ ಪಿಸಿಆರ್ ಮಾಡಿದರೂ ಅದೇ ಗೋಳು: ದಾರಿಹೋಕನಂತೆ ಬಂದ ಒಂದೆರಡು ಸಣ್ಣ ಲಿಂಫೋಸೈಟ್‌ಗಳಲ್ಲಿ ವೈರಸ್ ಇದ್ದರೂ ಪಾಸಿಟಿವ್ ಬರುತ್ತದೆ. ಗಡ್ಡೆಯ ಕೋಶದೊಳಗೇ ಇದೆಯೋ ಇಲ್ಲವೋ ಅನ್ನುವುದನ್ನು ಕಣ್ಣಾರೆ ನೋಡಬೇಕಾದರೆ ಈಬರ್ ಇನ್-ಸಿಟು ಹೈಬ್ರಿಡೈಸೇಶನ್ (ಸ್ಲೈಡಿನ ಮೇಲಿನ ಕೋಶಗಳಲ್ಲೇ ವೈರಸ್ಸಿನ ಆರ್‌ಎನ್‌ಎಯನ್ನು ಬಣ್ಣದಿಂದ ಗುರುತಿಸುವ ಪರೀಕ್ಷೆ) ಮಾಡಲೇಬೇಕು.

ಈಬರ್ ಅಂದರೆ ಈ ವೈರಸ್ಸಿನ ಎರಡು ಪುಟ್ಟ ಆರ್‌ಎನ್‌ಎಗಳು. ಇವುಗಳಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ. ಆದರೆ ಒಂದೊಂದು ಕೋಶದ ನ್ಯೂಕ್ಲಿಯಸ್ಸಿನಲ್ಲಿ ಹತ್ತು ಲಕ್ಷದವರೆಗೆ ಪ್ರತಿಗಳಿರುತ್ತವೆ, ವೈರಸ್ಸಿನ ಸುಪ್ತಾವಸ್ಥೆ ಯಾವ ಬಗೆಯದಾಗಿದ್ದರೂ ಸಿಗುತ್ತವೆ. ಕೆಲವು ಕಡೆ ವೈರಸ್ಸಿನ ಎಲ್‌ಎಂಪಿ-1 ಪ್ರೋಟೀನನ್ನು ಹಿಡಿಯುವ ಆ್ಯಂಟಿಬಾಡಿ ಹಾಕಿ ಕೈತೊಳೆದುಕೊಳ್ಳುತ್ತಾರೆ. ಹಾಡ್ಜ್‌ಕಿನ್ ಲಿಂಫೋಮಾದಲ್ಲಿ ಅದು ನಡೆದೀತು. ಬರ್ಕಿಟ್ ಲಿಂಫೋಮಾದಲ್ಲಿ ನಡೆಯುವುದಿಲ್ಲ: ಅಲ್ಲಿ ವೈರಸ್ ಇಬಿಎನ್ಎ-1 ಬಿಟ್ಟರೆ ಹೆಚ್ಚುಕಡಿಮೆ ಯಾವ ಪ್ರೋಟೀನನ್ನೂ ತೋರಿಸುವುದಿಲ್ಲ. ಎಲ್‌ಎಂಪಿ-1 ನೆಗೆಟಿವ್ ಕಂಡು "ಇಬಿವಿ ಇಲ್ಲ" ಎಂದು ಬರೆದರೆ ವರದಿ ತಪ್ಪು.

ಈ ಪರೀಕ್ಷೆಯ ಅರ್ಧ ಹಣೆಬರಹ ಫಾರ್ಮಲಿನ್ ಡಬ್ಬಿಯಲ್ಲೇ ಬರೆದಿರುತ್ತದೆ. ಗ್ರಂಥಿಯನ್ನು ಇಡಿಯಾಗಿ ಡಬ್ಬಿಗೆ ಹಾಕಿದರೆ ಅಂಚು ಚೆನ್ನಾಗಿ ಗಟ್ಟಿಯಾಗಿ, ನಡುಭಾಗ ಕೊಳೆಯುತ್ತದೆ. ಸ್ಲೈಡಿನಲ್ಲಿ ಅಂಚೆಲ್ಲ ಪಾಸಿಟಿವ್, ಮಧ್ಯ ಖಾಲಿ ಕಂಡರೆ ಕಾರಣ ಇದೇ. ನಾನು 2ರಿಂದ 3 ಮಿಲಿಮೀಟರ್ ಹೋಳುಗಳಾಗಿ ಸೀಳಿ, ಹತ್ತು ಪಟ್ಟು ಪ್ರಮಾಣದ 10% ಬಫರ್ಡ್ ಫಾರ್ಮಲಿನ್‌ನಲ್ಲಿ 8ರಿಂದ 24 ಗಂಟೆ ಇಡುತ್ತೇನೆ. ಮೂಳೆಮಜ್ಜೆಯದು ಬೇರೆಯೇ ತಲೆನೋವು. ಆಮ್ಲ ಹಾಕಿ ಸುಣ್ಣ ಕರಗಿಸಿದರೆ ಸುಣ್ಣದ ಜೊತೆ ಆರ್‌ಎನ್‌ಎಯೂ ಹಾಳಾಗುತ್ತದೆ. ಸುಣ್ಣ ಹೀರುವ ಇಡಿಟಿಎ ದ್ರಾವಣ ನಿಧಾನ, ಆದರೂ ಅದನ್ನೇ ಬಳಸಬೇಕು.

ಕತ್ತರಿಸುವುದು 4 ಮೈಕ್ರಾನ್, ಚಾರ್ಜ್ಡ್ ಸ್ಲೈಡ್ ಮೇಲೆ. ಮಾಮೂಲಿ ಸ್ಲೈಡಾದರೆ ಎನ್‌ಜೈಮ್ ಹಾಕಿದೊಡನೆ ತುಣುಕು ತೇಲಿಹೋಗುತ್ತದೆ. ಬೆವರಲ್ಲೂ ಎಂಜಲಲ್ಲೂ ಆರ್‌ಎನ್‌ಎ ತಿನ್ನುವ ಎನ್‌ಜೈಮ್ ಇರುವುದರಿಂದ ಗ್ಲೌಸ್ ಕಡ್ಡಾಯ. ವಾಟರ್‌ಬಾತಿನ ನೀರು ಅಂದಂದಿನದೇ ಆಗಿರಬೇಕು.

ಮೇಣ ತೆಗೆಯುವ ಜೈಲೀನ್, ಆಲ್ಕೋಹಾಲ್ ಮುಗಿದ ಮೇಲೆ ಪ್ರೋಟೀನ್ ಕರಗಿಸುವ ಎನ್‌ಜೈಮ್ ಪ್ರೋಟೀನೇಸ್-ಕೆ ಹಂತ. ಕೆಡುವುದು ಹೆಚ್ಚಾಗಿ ಇಲ್ಲೇ. ಕಡಿಮೆಯಾದರೆ ಪ್ರೋಬ್ (ಆರ್‌ಎನ್‌ಎಗೆ ಹೋಗಿ ಅಂಟುವ ತುಣುಕು) ನ್ಯೂಕ್ಲಿಯಸ್ಸಿಗೆ ಇಳಿಯುವುದಿಲ್ಲ, ಹೆಚ್ಚಾದರೆ ನ್ಯೂಕ್ಲಿಯಸ್ಸೇ ಕರಗಿ ನೆರಳಿನಂತೆ ಉಳಿಯುತ್ತದೆ. ಕಿಟ್ ಜೊತೆ ಬರುವ ಕಾಗದದಲ್ಲಿ ಬರೆದ ನಿಮಿಷವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ, ಯಾಕೆಂದರೆ ಎಷ್ಟು ಹೊತ್ತು ಬೇಕೆನ್ನುವುದು ಅಂಗಾಂಶ ಎಷ್ಟು ಹೊತ್ತು ಫಾರ್ಮಲಿನ್‌ನಲ್ಲಿತ್ತು ಎಂಬುದರ ಮೇಲೆ ನಿಂತಿದೆ. ಹೊಸ ಲಾಟ್ ಬಂದಾಗ ಒಂದೇ ಬ್ಲಾಕಿನಿಂದ ಮೂರು ಸ್ಲೈಡ್ ತೆಗೆದು 5, 10, 15 ನಿಮಿಷ ಇಟ್ಟು ನೋಡಿ, ನ್ಯೂಕ್ಲಿಯಸ್ಸಿನ ಗೆರೆ ಉಳಿದು ಬಣ್ಣವೂ ಗಾಢವಾಗಿರುವುದನ್ನು ಆರಿಸಿಕೊಳ್ಳುವುದು ನನ್ನ ರೂಢಿ.

ಪ್ರೋಬ್ ಹಾಕಿ, ಗುಳ್ಳೆ ಬಾರದಂತೆ ಕವರ್‌ಸ್ಲಿಪ್ ಮುಚ್ಚಿ, ತೇವದ ಪೆಟ್ಟಿಗೆಯಲ್ಲಿ ಇಡಬೇಕು. ಗುಳ್ಳೆ ಕೂತ ಜಾಗ ಆಮೇಲೆ ದುಂಡನೆಯ ಬಿಳಿ ಕಲೆಯಾಗಿ ಎದ್ದು ಕಾಣುತ್ತದೆ. ಅಂಚು ಒಣಗಿದರೆ ಅಲ್ಲೆಲ್ಲ ಸುಳ್ಳು ಬಣ್ಣ. ಶಾಖ, ಸಮಯ ಎರಡೂ ಪ್ರೋಬಿನ ಬಗೆಗೆ ತಕ್ಕಂತೆ: ಪಿಎನ್ಎ (ಡಿಎನ್‌ಎಯನ್ನು ಹೋಲುವ ಕೃತಕ ಅಣು) ಪ್ರೋಬಿಗೆ 55 ಡಿಗ್ರಿ, 90 ನಿಮಿಷ. ತೊಳೆದ ಮೇಲೆ ಆಲ್ಕಲೈನ್ ಫಾಸ್ಫಟೇಸ್ ಅಂಟಿಸಿದ ಆ್ಯಂಟಿಬಾಡಿ, ನಂತರ ಬಣ್ಣ ಬರಿಸುವ ಎನ್‌ಬಿಟಿ-ಬಿಸಿಐಪಿ. ಬರುವ ಬಣ್ಣ ಕಡುನೀಲಿ. ಹಿನ್ನೆಲೆಗೆ ಹೆಮಟಾಕ್ಸಿಲಿನ್ ಹಾಕಬೇಡಿ, ನೀಲಿಯ ಮೇಲೆ ನೀಲಿ ಬಿದ್ದು ಏನೂ ತಿಳಿಯುವುದಿಲ್ಲ. ನ್ಯೂಕ್ಲಿಯರ್ ಫಾಸ್ಟ್ ರೆಡ್ ಸರಿ.

ಪ್ರತಿ ರೋಗಿಯ ಜೊತೆ ಇನ್ನೆರಡು ಸ್ಲೈಡ್ ಓಡಲೇಬೇಕು: ಪಾಸಿಟಿವ್ ಎಂದು ಗೊತ್ತಿರುವ ಒಂದು, ಅದೇ ರೋಗಿಯ ಅಂಗಾಂಶದ ಮೇಲೆ ಆರ್‌ಎನ್‌ಎ ಕಂಟ್ರೋಲ್ ಪ್ರೋಬ್ ಹಾಕಿದ್ದು ಇನ್ನೊಂದು. ದುಡ್ಡು ಉಳಿಸಲು ಎರಡನೆಯದನ್ನು ಬಿಡುತ್ತಾರೆ. ಅದು ನೆಗೆಟಿವ್ ಬಂದರೆ ಆ ಅಂಗಾಂಶದಲ್ಲಿ ಆರ್‌ಎನ್‌ಎಯೇ ಉಳಿದಿಲ್ಲ ಎಂದರ್ಥ. ಆಗ ಬರೆಯಬೇಕಾದದ್ದು "ಹೇಳಲಾಗದು" ಎಂದೇ ಹೊರತು "ನೆಗೆಟಿವ್" ಎಂದಲ್ಲ. ನನ್ನ ಲೆಕ್ಕದಲ್ಲಿ ತಪ್ಪು ನೆಗೆಟಿವ್‌ಗಳ ದೊಡ್ಡ ಮೂಲ ಇದೇ.

ಓದುವಾಗ ನ್ಯೂಕ್ಲಿಯಸ್ ಮಾತ್ರ ಲೆಕ್ಕಕ್ಕೆ. ಸೈಟೋಪ್ಲಾಸಂನಲ್ಲಿ, ಲೋಳೆಯಲ್ಲಿ, ಸತ್ತ ಅಂಗಾಂಶದಲ್ಲಿ ಹರಡಿದ ತೆಳುನೀಲಿಗೆ ಬೆಲೆಯಿಲ್ಲ. ಮಿಕ್ಸೆಡ್ ಸೆಲ್ಯುಲಾರಿಟಿ ಹಾಡ್ಜ್‌ಕಿನ್ ಸ್ಲೈಡನ್ನು 40ರ ಲೆನ್ಸಿನಲ್ಲಿ ನೋಡಿ. ಗುಲಾಬಿ ಬಣ್ಣದ ಸಣ್ಣ ಕೋಶಗಳ ಜಾತ್ರೆಯ ನಡುವೆ ಅಲ್ಲೊಂದು ಇಲ್ಲೊಂದು ದೊಡ್ಡ ಕೋಶ, ಜೋಡಿ ನ್ಯೂಕ್ಲಿಯಸ್ ಎರಡೂ ಮಸಿಯಲ್ಲಿ ಅದ್ದಿದಂತೆ ಕಪ್ಪು. ಇಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಆಂಜಿಯೋಇಮ್ಯುನೋಬ್ಲಾಸ್ಟಿಕ್ ಟಿ-ಕೋಶ ಲಿಂಫೋಮಾದಲ್ಲೂ ಕಪ್ಪು ಕೋಶಗಳು ಸಿಗುತ್ತವೆ, ಆದರೆ ಅವು ಸಿಡಿ20 ಎಂಬ ಗುರುತಿನ ಪ್ರೋಟೀನ್ ಇರುವ ಬಿ ಕೋಶಗಳು. ಗಡ್ಡೆಯ ಟಿ ಕೋಶಗಳಲ್ಲಿ ವೈರಸ್ ಇರುವುದಿಲ್ಲ. ಬರೀ "ಈಬರ್ ಪಾಸಿಟಿವ್" ಎಂದು ಬರೆದು ಬಿಟ್ಟರೆ ಇವೆರಡೂ ಒಂದೇ ಆಗಿಬಿಡುತ್ತವೆ.

ಇನ್ನೊಂದು ಹೊಂಡ ಹದಿಹರೆಯದವರ ಟಾನ್ಸಿಲ್. ಇದೇ ವೈರಸ್ಸಿನ ಹೊಸ ಸೋಂಕು ತರುವ ಜ್ವರ, ಇನ್‌ಫೆಕ್ಷಿಯಸ್ ಮಾನೋನ್ಯೂಕ್ಲಿಯೋಸಿಸ್‌ನಲ್ಲಿ ಹಾಡ್ಜ್‌ಕಿನ್ ಕೋಶಗಳನ್ನೇ ಹೋಲುವ ದೊಡ್ಡ ಕೋಶಗಳು ಬರುತ್ತವೆ, ಈಬರ್ ಧಾರಾಳವಾಗಿ ಹಿಡಿಯುತ್ತದೆ. ಸುಳಿವು ಇಷ್ಟೆ: ಸಣ್ಣದು, ಮಧ್ಯಮ, ದೊಡ್ಡದು, ಎಲ್ಲ ಗಾತ್ರದ ಕೋಶಗಳೂ ಹಿಡಿದಿರುತ್ತವೆ, ಗ್ರಂಥಿಯ ರಚನೆ ಅಲ್ಲಲ್ಲಿ ಉಳಿದಿರುತ್ತದೆ. ಮೊದಲು ಬೈದ ರಕ್ತಪರೀಕ್ಷೆ ಇಲ್ಲಿ ಮಾತ್ರ ಕೈಹಿಡಿಯುತ್ತದೆ. ಸೋಂಕಿನ ಆರಂಭದಲ್ಲೇ ಬರುವ ವಿಸಿಎ ಐಜಿಎಂ ಆ್ಯಂಟಿಬಾಡಿ ಇದ್ದು, ತಡವಾಗಿ ಬರುವ ಇಬಿಎನ್ಎ ಆ್ಯಂಟಿಬಾಡಿ ಇಲ್ಲದಿದ್ದರೆ ಸೋಂಕು ಹೊಸದು.

ಮೂಗಿನ ಎನ್‌ಕೆ/ಟಿ ಲಿಂಫೋಮಾದಲ್ಲಿ ಇಬಿವಿ ಇದ್ದೇ ಇರುತ್ತದೆ. ಈಬರ್ ನೆಗೆಟಿವ್ ಬಂದರೆ ನಾನು ಆ ಹೆಸರು ಬರೆಯುವುದಿಲ್ಲ. ಮೊದಲು ಆರ್‌ಎನ್‌ಎ ಕಂಟ್ರೋಲ್ ನೋಡುತ್ತೇನೆ. ತುಣುಕೆಲ್ಲ ಸತ್ತ ಅಂಗಾಂಶವೇ ಆಗಿದ್ದರೆ ಇನ್ನೂ ಆಳದಿಂದ ಬಯಾಪ್ಸಿ ಕೇಳುತ್ತೇನೆ. ಬರ್ಕಿಟ್‌ನದು ಇದಕ್ಕೆ ತಿರುಗುಮುರುಗು. ಮಲೇರಿಯಾ ಇರುವ ಆಫ್ರಿಕಾದಲ್ಲಿ ಬಹುಪಾಲು ಎಲ್ಲದರಲ್ಲೂ ವೈರಸ್ ಸಿಗುತ್ತದೆ. ಬೇರೆಡೆ ಬಿಡಿಬಿಡಿಯಾಗಿ ಕಾಣುವ ಬಗೆಯಲ್ಲಿ ನೂರಕ್ಕೆ 20ರಿಂದ 30 ಅಷ್ಟೇ. 1964ರಲ್ಲಿ ವೈರಸ್ ಮೊದಲು ಕಣ್ಣಿಗೆ ಬಿದ್ದದ್ದು ಈ ಗಡ್ಡೆಯ ಕೋಶಗಳಲ್ಲೇ, ಆದರೂ ಕೋಶವನ್ನು ಓಡಿಸುವುದು ಎಂವೈಸಿ ಜೀನಿನ ಸ್ಥಾನಪಲ್ಲಟ. ಸಾಯಬೇಕಿದ್ದ ಕೋಶವನ್ನು ವೈರಸ್ ಬದುಕಿಸಿಡುತ್ತದೆ. ಹಾಗಾಗಿ ಇಲ್ಲಿ ಈಬರ್ ನೆಗೆಟಿವ್ ಬಂತೆಂದು ರೋಗನಿರ್ಣಯ ಬದಲಾಗದು.

ಉಳಿದ ವೈರಸ್‌ಗಳಿಗೆ ಹುಡುಕುವ ದಾರಿ ಬೇರೆ. ಎಚ್‌ಎಚ್‌ವಿ-8 (ಹರ್ಪಿಸ್ ಗುಂಪಿನ ಇನ್ನೊಂದು ವೈರಸ್) ಇರುವ ಲಿಂಫೋಮಾ ಎದೆ ಅಥವಾ ಹೊಟ್ಟೆಯ ನೀರಿನಲ್ಲಿ ಬರುತ್ತದೆ, ಸಿಡಿ20 ಸಾಮಾನ್ಯವಾಗಿ ಇರುವುದಿಲ್ಲ, ನೋಡಿದವರು ಕಾರ್ಸಿನೋಮಾ ಅಂದುಕೊಳ್ಳುತ್ತಾರೆ. ಆ ನೀರಿನಿಂದ ಸೆಲ್ ಬ್ಲಾಕ್ ಮಾಡಿ ಆ ವೈರಸ್ಸಿನ ಲಾನಾ ಪ್ರೋಟೀನನ್ನು ಹಿಡಿಯುವ ಆ್ಯಂಟಿಬಾಡಿ ಹಾಕಿದರೆ ನ್ಯೂಕ್ಲಿಯಸ್ಸಿನಲ್ಲಿ ಸಾಸಿವೆ ಚೆಲ್ಲಿದಂತೆ ಚುಕ್ಕೆಗಳು. ಟಿ ಕೋಶಗಳ ಲಿಂಫೋಮಾ ತರುವ ಎಚ್‌ಟಿಎಲ್‌ವಿ-1ಕ್ಕೆ ರಕ್ತದ ಆ್ಯಂಟಿಬಾಡಿಯೇ ಮೊದಲ ಮೆಟ್ಟಿಲು. ರಕ್ತದ ಸ್ಮಿಯರಿನಲ್ಲಿ ಹೂವಿನ ಎಸಳಿನಂಥ ನ್ಯೂಕ್ಲಿಯಸ್ ಕಂಡು, ಕ್ಯಾಲ್ಸಿಯಂ ಏರಿದ್ದರೆ ಈ ಪರೀಕ್ಷೆ ಕೇಳಲು ಮರೆಯಬಾರದು. ಹೆಪಟೈಟಿಸ್ ಸಿ ವೈರಸ್ಸನ್ನು ಗಡ್ಡೆಯಲ್ಲಿ ಹುಡುಕುವುದೇ ದಂಡ. ಅದು ಹೊರಗಿನಿಂದಲೇ ಬಿ ಕೋಶಗಳನ್ನು ವರ್ಷಗಟ್ಟಲೆ ಕೆಣಕುತ್ತಿರುತ್ತದೆ. ಗುಲ್ಮದ ಮಾರ್ಜಿನಲ್ ಜೋನ್ ಲಿಂಫೋಮಾದಲ್ಲಿ ಈ ವೈರಸ್ ಇದ್ದರೆ, ವೈರಸ್ಸಿಗೆ ಮದ್ದು ಕೊಟ್ಟಾಗ ಗಡ್ಡೆಯೇ ಇಳಿಯುವುದುಂಟು. ಆದ್ದರಿಂದ ಅಲ್ಲಿ ರಕ್ತಪರೀಕ್ಷೆ ಬಿಡುವಂತಿಲ್ಲ.

ಹೆಪಟೈಟಿಸ್ ಬಿ ಪರೀಕ್ಷೆಯ ಕಾರಣವೇ ಬೇರೆ. ಹಳೆಯ ಸೋಂಕು ಯಕೃತ್ತಿನಲ್ಲಿ ಅಡಗಿದ್ದು, ಬಿ ಕೋಶಗಳನ್ನು ಕೊಲ್ಲುವ ಲಿಂಫೋಮಾ ಮದ್ದು ರಿಟುಕ್ಸಿಮ್ಯಾಬ್ ಬಿದ್ದೊಡನೆ ಕೆರಳಿ ಜೀವಕ್ಕೇ ಕುತ್ತು ತರಬಹುದು. ಮೊದಲ ಡೋಸಿಗೆ ಮುಂಚೆ ಎಚ್‌ಬಿಎಸ್‌ಎಜಿ (ವೈರಸ್ಸಿನ ಹೊರಕವಚದ ಪ್ರೋಟೀನ್) ಒಂದೇ ಸಾಲದು, ಆ್ಯಂಟಿ-ಎಚ್‌ಬಿಸಿ (ಹಳೆಯ ಸೋಂಕನ್ನೂ ತೋರಿಸುವ ಆ್ಯಂಟಿಬಾಡಿ) ಕೂಡ ಬೇಕು. ಪಾಸಿಟಿವ್ ಆದರೆ ವೈರಸ್ ತಡೆಯುವ ಎಂಟೆಕಾವಿರ್ ಅಥವಾ ಟೆನೊಫೊವಿರ್ ಶುರುಮಾಡಿ, ಕೊನೆಯ ಡೋಸ್ ಆದ ಮೇಲೂ ಕನಿಷ್ಠ 12 ತಿಂಗಳು ಮುಂದುವರಿಸುತ್ತಾರೆ. ಈ ಪರೀಕ್ಷೆಗೆ ರಕ್ತವನ್ನು ಇಮ್ಯುನೋಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಆ್ಯಂಟಿಬಾಡಿ) ಬಾಟಲಿ ಏರಿಸುವುದಕ್ಕೆ ಮೊದಲೇ ತೆಗೆಯಬೇಕು. ಆಮೇಲೆ ತೆಗೆದರೆ ದಾನಿಗಳ ಆ್ಯಂಟಿಬಾಡಿಯೇ ರೋಗಿಯದೆಂದು ಪಾಸಿಟಿವ್ ತೋರಿಸುತ್ತದೆ.