ಪ್ರೊಜೆಕ್ಟರ್ ತಗೊಳ್ಳುವ ಮುಂಚೆ ಹಾಲಿಗೆ ಟೇಪು ಹಿಡಿಯಿರಿ

ಮನೆಯಲ್ಲೇ 100 ಇಂಚಿನ ಪರದೆ ಬೇಕು ಅನ್ನುವವರು ತುಮಕೂರಿನಲ್ಲೂ ಈಗ ಕಡಿಮೆ ಇಲ್ಲ. ದೊಡ್ಡವರಿಗೆ ಸಿನಿಮಾ, ಮಕ್ಕಳಿಗೆ ಗೇಮು, ಎಲ್ಲರಿಗೂ ಕ್ರಿಕೆಟ್. ಆದರೆ ಬಹಳ ಜನ ಮೊಬೈಲಿನಲ್ಲಿ ಬೆಲೆ ನೋಡಿ, ಯಾವುದರ ನಂಬರ್ ದೊಡ್ಡದೋ ಅದನ್ನು ಆರ್ಡರ್ ಮಾಡಿಬಿಡುತ್ತಾರೆ. ಡಬ್ಬ ಮನೆಗೆ ಬಂದ ಮೇಲೆ ಎಲ್ಲಿಡುವುದು ಅಂತ ಯೋಚನೆ ಶುರುವಾಗುತ್ತದೆ. ಮೊದಲು ಕೋಣೆ, ಆಮೇಲೆ ಬೆಳಕು, ಕೊನೆಗೆ ಮಾಡೆಲ್. ಈ ಕ್ರಮದಲ್ಲಿ ಹೋಗೋಣ.

1. ಅಳತೆ

100 ಇಂಚು ಅಂದರೆ ಮೂಲೆಯಿಂದ ಮೂಲೆಗೆ. ಅಗಲ ಸುಮಾರು 7 ಅಡಿ 3 ಇಂಚು, ಎತ್ತರ 4 ಅಡಿ 1 ಇಂಚು. ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ನೋಡಿ. ಸ್ವಿಚ್ ಬೋರ್ಡು, ಶೋಕೇಸು ಅಡ್ಡ ಬರುತ್ತದೆಯೇ ಅಂತ ಆಗಲೇ ತಿಳಿಯುತ್ತದೆ.

ಆಮೇಲೆ ಥ್ರೋ ರೇಶಿಯೋ. ಪರದೆಯ ಅಗಲದ ಎಷ್ಟು ಪಟ್ಟು ದೂರದಲ್ಲಿ ಪ್ರೊಜೆಕ್ಟರ್ ಇರಬೇಕು ಅನ್ನುವ ಲೆಕ್ಕ ಇದು. ರೇಶಿಯೋ 1.5 ಇದ್ದರೆ 100 ಇಂಚಿಗೆ ಸುಮಾರು 11 ಅಡಿ ದೂರ ಬೇಕು. 1.2 ಇದ್ದರೆ 9 ಅಡಿಗೆ ಸ್ವಲ್ಪ ಕಡಿಮೆ ಸಾಕು. 30-40 ಸೈಟಿನ ಮನೆಯಲ್ಲಿ 12 ಅಡಿ ಅಗಲ, 15 ಅಡಿ ಉದ್ದದ ಹಾಲ್ ಇದ್ದರೆ ಎರಡೂ ಕೂರುತ್ತವೆ. ಅದೇ 10-11 ಅಡಿಯ ಬೆಡ್‌ರೂಮಿಗೆ 1.5ರದ್ದು ತಂದರೆ ಚಿತ್ರ ಚಿಕ್ಕದಾಗುತ್ತದೆ. ಅಂಥ ಕಡೆ 0.5 ರೇಶಿಯೋದ ಶಾರ್ಟ್ ಥ್ರೋ ನೋಡಿ, ನಾಲ್ಕಡಿಯೊಳಗೆ ಕೆಲಸ ಆಗುತ್ತದೆ. ಕೂರುವ ಜಾಗ 100 ಇಂಚಿಗೆ 10ರಿಂದ 13 ಅಡಿ ದೂರದಲ್ಲಿದ್ದರೆ ಹಿತ.

ನಮ್ಮ ಮನೆಗಳಲ್ಲಿ ಇನ್ನೊಂದು ತಾಪತ್ರಯ ಸೀಲಿಂಗ್ ಫ್ಯಾನು. ಹಾಲಿನ ನಟ್ಟನಡುವೆ ಅದು ತೂಗುತ್ತಿರುತ್ತದೆ. ಪ್ರೊಜೆಕ್ಟರನ್ನು ಅದರ ಹಿಂದೆ ಸೀಲಿಂಗಿಗೆ ಹಾಕಿದರೆ ರೆಕ್ಕೆಯ ನೆರಳು ಪರದೆ ಮೇಲೆ ಸುತ್ತುತ್ತದೆ. ಪ್ರೊಜೆಕ್ಟರ್ ತೂಗುವ ರಾಡ್ ಉದ್ದ ಮಾಡಿ ಅದನ್ನು ರೆಕ್ಕೆಗಿಂತ ಕೆಳಗಿಳಿಸಿ, ಇಲ್ಲವೇ ಹಿಂದಿನ ಗೋಡೆಯ ಶೆಲ್ಫ್ ಮೇಲೆ ಇಡಿ. ಹೊಸ ಮನೆ ಕಟ್ಟಿಸುತ್ತಿದ್ದರೆ ಮೋಲ್ಡ್ ಹಾಕುವ ಮುಂಚೆಯೇ ಪರದೆ ಗೋಡೆಯಿಂದ ಪ್ರೊಜೆಕ್ಟರ್ ಜಾಗಕ್ಕೆ ಒಂದು ದಪ್ಪ ಪೈಪ್ ಬಿಡಿಸಿ. ತೆಳ್ಳಗಿನ ಪೈಪಿನ ಬೆಂಡಿನಲ್ಲಿ ಎಚ್‌ಡಿಎಂಐ (ಚಿತ್ರ, ಶಬ್ದ ಎರಡನ್ನೂ ಒಯ್ಯುವ) ಕೇಬಲ್ಲಿನ ತಲೆ ಹೋಗುವುದಿಲ್ಲ. ಹತ್ತು ಮೀಟರ್ ಎಳೆಯುವುದಾದರೆ ಮಾಮೂಲಿ ತಾಮ್ರದ ಕೇಬಲ್‌ನಲ್ಲಿ 4ಕೆ ಚಿತ್ರ ಕೈಕೊಡಬಹುದು, ಫೈಬರ್ ಎಚ್‌ಡಿಎಂಐ ತಗೊಳ್ಳಿ. ಅದಕ್ಕೆ ಹಿಂದು-ಮುಂದು ಇದೆ. ಯಾವ ತುದಿ ಪ್ರೊಜೆಕ್ಟರಿಗೆ ಅಂತ ನೋಡಿಕೊಂಡೇ ಪೈಪಿಗೆ ತೂರಿಸಿ.

2. ಕತ್ತಲೆ

ಇಲ್ಲೇ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಪ್ರೊಜೆಕ್ಟರ್ ಬೆಳಕು ಬಿಡಬಲ್ಲದು, ಕಪ್ಪನ್ನು ಬಿಡಲಾರದು. ಕಪ್ಪು ಬೆಳಕಿನ ಟಾರ್ಚ್ ಎಲ್ಲಾದರೂ ಸಿಗುತ್ತದೆಯೇ? ಹಾಗಾಗಿ ಚಿತ್ರದಲ್ಲಿ ಕಪ್ಪಾಗಿ ಕಾಣಬೇಕಾದ ಜಾಗ ನಿಮ್ಮ ಗೋಡೆ ಎಷ್ಟು ಕತ್ತಲಾಗಿದೆಯೋ ಅಷ್ಟೇ ಕಪ್ಪು. ಲೈಟ್ ಹಾಕಿದ ಹಾಲಿನಲ್ಲಿ ರಾತ್ರಿ ದೃಶ್ಯಗಳೆಲ್ಲ ಬೂದಿ ಬಣ್ಣಕ್ಕೆ ತಿರುಗುವುದು ಇದಕ್ಕೇ. ಲಕ್ಷ ರೂಪಾಯಿಯ ಮಷೀನ್ ತಂದರೂ ಇದು ತಪ್ಪುವುದಿಲ್ಲ.

ದಪ್ಪ ಕರ್ಟನ್ ಎಲ್ಲರೂ ಹಾಕುತ್ತಾರೆ. ಕಿಟಕಿ ಮೇಲಿನ ವೆಂಟಿಲೇಟರ್ ಮರೆತುಬಿಡುತ್ತಾರೆ. ಅದಕ್ಕೂ ಒಂದು ರಟ್ಟು ಕತ್ತರಿಸಿ ಇಟ್ಟುಕೊಳ್ಳಿ. ಪರದೆ ಅಕ್ಕಪಕ್ಕದ ಗೋಡೆ, ಮೇಲಿನ ಸೀಲಿಂಗ್ ಬಿಳಿಯಾಗಿದ್ದರೆ ಪರದೆಯ ಬೆಳಕೇ ಅಲ್ಲಿಗೆ ಬಡಿದು ವಾಪಸ್ ಬರುತ್ತದೆ. ಮನೆಯವರು ಒಪ್ಪಿದರೆ ಅಲ್ಲಿಗೆ ಗಾಢ ಬಣ್ಣದ ಮ್ಯಾಟ್ ಪೇಂಟ್ ಹೊಡೆಸಿ. ಪರದೆಗೆ ದುಡ್ಡಿಲ್ಲದಿದ್ದರೆ ನುಣುಪಾದ ಬಿಳಿ ಮ್ಯಾಟ್ ಗೋಡೆಯೇ ಸದ್ಯಕ್ಕೆ ಸಾಕು. ಹೊಳೆಯುವ ಪೇಂಟ್ ಮಾತ್ರ ಬೇಡ.

3. ಲ್ಯೂಮೆನ್ಸ್ ಲೆಕ್ಕ

ಪ್ರೊಜೆಕ್ಟರ್ ಒಟ್ಟು ಎಷ್ಟು ಬೆಳಕು ಬಿಡುತ್ತದೆ ಅನ್ನುವ ಅಳತೆಯೇ ಲ್ಯೂಮೆನ್ಸ್. ಡಿಜಿಟಲ್ ಥಿಯೇಟರುಗಳಲ್ಲಿ ಪರದೆಯ ಬೆಳಕಿಗೆ 48 ನಿಟ್ಸ್ ಅನ್ನುವ ಅಳತೆ ಇದೆ. ಕತ್ತಲ ಕೋಣೆಯ 100 ಇಂಚಿನ ಬಿಳಿ ಪರದೆಗೆ ಅಷ್ಟು ಬೆಳಕು ಬೇಕೆಂದರೆ 415 ಲ್ಯೂಮೆನ್ಸ್ ಸುಮಾರಿಗೆ ಸಾಕು. ಹಾಗಾದರೆ ಎರಡು ಸಾವಿರ ಲ್ಯೂಮೆನ್ಸಿನದ್ದು ಬೇಕು ಅನ್ನುವುದು ಯಾಕೆ? ಡಬ್ಬದ ಮೇಲಿನ ಸಂಖ್ಯೆ ಅತಿ ಪ್ರಕಾಶದ ಮೋಡಿನದು, ಅದರಲ್ಲಿ ಮುಖಗಳು ಹಸಿರು ಹೊಡೆಯುತ್ತವೆ. ಬಣ್ಣ ಸರಿ ಇರುವ ಸಿನಿಮಾ ಮೋಡಿಗೆ ಹಾಕಿದರೆ ಬೆಳಕು ಚೆನ್ನಾಗಿಯೇ ಇಳಿಯುತ್ತದೆ. ಲ್ಯಾಂಪ್ ಹಳೆಯದಾದಂತೆ ಇನ್ನೂ ಕಡಿಮೆಯಾಗುತ್ತದೆ. ಕತ್ತಲ ಕೋಣೆಗೆ 1500ರಿಂದ 2000, ಸಣ್ಣ ಲೈಟ್ ಉರಿಯುವ ಹಾಲಿಗೆ 3000 ಅಂತ ಇಟ್ಟುಕೊಳ್ಳಿ. ಹಗಲು ಹೊತ್ತು ಕಿಟಕಿ ತೆಗೆದೇ ನೋಡಬೇಕು ಅನ್ನುವವರು ದೊಡ್ಡ ಟಿವಿ ತಗೊಳ್ಳುವುದೇ ವಾಸಿ.

ಸಂಖ್ಯೆಯ ಮುಂದೆ ಎಎನ್‌ಎಸ್‌ಐ ಅಥವಾ ಐಎಸ್‌ಒ ಅಂತ ಇರಲೇಬೇಕು, ಬೆಳಕನ್ನು ಒಪ್ಪಿತ ನಿಯಮದಂತೆ ಅಳೆದಿದ್ದಾರೆ ಅಂತ ಅದರರ್ಥ. ಐದಾರು ಸಾವಿರ ರೂಪಾಯಿಯ ಪ್ರೊಜೆಕ್ಟರ್ ಮೇಲೆ ಬರೀ ‘9000 ಲ್ಯೂಮೆನ್ಸ್’ ಅಂತಿದ್ದರೆ ನಂಬಬೇಡಿ. ‘4ಕೆ ಸಪೋರ್ಟ್’ ಅನ್ನುವುದೂ ಹೀಗೇ. 4ಕೆ ಸಿಗ್ನಲ್ ಒಳಗೆ ತಗೊಳ್ಳುತ್ತದೆ ಅಂತ ಅರ್ಥ, ತೋರಿಸುತ್ತದೆ ಅಂತಲ್ಲ. ‘ನೇಟಿವ್ ರೆಸಲ್ಯೂಷನ್’ (ನಿಜವಾಗಿ ತೋರಿಸುವ ಚುಕ್ಕೆಗಳ ಲೆಕ್ಕ) ಸಾಲಿನಲ್ಲಿ 1920x1080 ಆದರೂ ಇರಲಿ.

4. ಒಳಗೇನಿದೆ

ಚಿತ್ರ ಮೂಡಿಸುವ ತಂತ್ರ ಮುಖ್ಯವಾಗಿ ಎರಡು. ಎಪ್ಸನ್‌ನವು 3ಎಲ್‌ಸಿಡಿ. ಬೆನ್‌ಕ್ಯೂ, ಆಪ್ಟೋಮಾದವರ ಹೋಮ್ ಮಾಡೆಲ್‌ಗಳು ಹೆಚ್ಚಾಗಿ ಡಿಎಲ್‌ಪಿ. ಡಿಎಲ್‌ಪಿಯಲ್ಲಿ ಬಣ್ಣಗಳು ಒಂದರ ಹಿಂದೆ ಒಂದು ಬರುವುದರಿಂದ ಕೆಲವರ ಕಣ್ಣಿಗೆ ಕಾಮನಬಿಲ್ಲಿನ ಗೆರೆ ಮಿಂಚುತ್ತದೆ. ಮನೆಯವರೆಲ್ಲ ಒಮ್ಮೆ ಕೂತು ನೋಡಿಯೇ ತಗೊಳ್ಳಿ. ಲ್ಯಾಂಪ್ ಸಾಮಾನ್ಯವಾಗಿ 4000 ಗಂಟೆಯ ಆಸುಪಾಸು. ದಿನಕ್ಕೆ ಮೂರು ಗಂಟೆ ಅಂದರೆ ಮೂರೂವರೆ ವರ್ಷ. ಲೇಸರ್, ಎಲ್‌ಇಡಿಗೆ 20,000 ಗಂಟೆ ಅನ್ನುತ್ತಾರೆ. ಸೆಕೆಂಡ್‌ ಹ್ಯಾಂಡ್ ಆದರೆ ಮೆನುವಿನಲ್ಲಿ ಲ್ಯಾಂಪ್ ಎಷ್ಟು ಗಂಟೆ ಉರಿದಿದೆ ಅಂತ ನೋಡದೆ ದುಡ್ಡು ಕೊಡಬೇಡಿ.

ಕರೆಂಟು ಹೋಗುವ ನಮ್ಮ ಕಡೆ ಲ್ಯಾಂಪ್ ಪ್ರೊಜೆಕ್ಟರಿಗೆ ಒಂದು ಕಷ್ಟ ಇದೆ. ಬಿಸಿಯಾದ ಲ್ಯಾಂಪಿಗೆ ಫ್ಯಾನ್ ತಟ್ಟನೆ ನಿಂತರೆ ಅದರ ಆಯಸ್ಸಿಗೆ ಪೆಟ್ಟು. ಇನ್ವರ್ಟರ್ ಲೈನಿಗೆ ಸೇರಿಸಿ. ಇನ್ವರ್ಟರಿನಲ್ಲಿ ಯುಪಿಎಸ್ ಮೋಡಿನ (ಕರೆಂಟು ಹೋದ ತಕ್ಷಣ ಬ್ಯಾಟರಿಗೆ ಬದಲಾಗುವ) ಸ್ವಿಚ್ ಇದ್ದರೆ ಹಾಕಿಡಿ. ಬೇಸಿಗೆಯ ಧೂಳಿಗೆ ಫಿಲ್ಟರ್ ಆಗಾಗ ತೆಗೆದು ಒರೆಸಿ. ಮೆನುವಿನಲ್ಲಿ ಹೈ ಆಲ್ಟಿಟ್ಯೂಡ್ ಮೋಡ್ ಕಂಡರೆ ಸುಮ್ನೆ ಬಿಡಿ. ಅದು ಸಾಮಾನ್ಯವಾಗಿ 1500 ಮೀಟರಿನ ಮೇಲಿನವರಿಗೆ. ನಂದಿ ಬೆಟ್ಟದ ತುದಿಯೇ 1478 ಮೀಟರ್!

5. ಗೇಮಿನವರ ಪಾಲು

ಸಿನಿಮಾಗೆ ಚೆನ್ನಾಗಿದ್ದದ್ದು ಗೇಮಿಗೂ ಚೆನ್ನಾಗಿರಬೇಕೆಂದಿಲ್ಲ. ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಗುಂಡು ಹಾರಿದ್ದಕ್ಕೂ ನಡುವಿನ ತಡವೇ ಇನ್‌ಪುಟ್ ಲ್ಯಾಗ್. 60 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 60 ಚಿತ್ರ) ಒಂದು ಫ್ರೇಮ್ ಅಂದರೆ 16.7 ಮಿಲಿಸೆಕೆಂಡ್. ಗೇಮ್ ಮೋಡಿನಲ್ಲಿ ಲ್ಯಾಗ್ ಇದರ ಆಸುಪಾಸಿನಲ್ಲಿದ್ದರೆ ಆರಾಮ. 50 ದಾಟಿದರೆ ಮಗ ಸೋತಾಗಲೆಲ್ಲ ಪ್ರೊಜೆಕ್ಟರನ್ನೇ ಬೈಯುತ್ತಾನೆ, ಅವನದ್ದು ತಪ್ಪೂ ಅಲ್ಲ. 4ಕೆಯಲ್ಲಿ 120 ಹರ್ಟ್ಸ್ ಬೇಕಾದರೆ ಎಚ್‌ಡಿಎಂಐ 2.1 ಇರಲಿ, 60ಕ್ಕೆ 2.0 ಸಾಕು.

ಪ್ರೊಜೆಕ್ಟರನ್ನು ಓರೆಯಾಗಿಟ್ಟು ಕೀಸ್ಟೋನ್‌ನಲ್ಲಿ (ಸೊಟ್ಟ ಚಿತ್ರವನ್ನು ನೇರ ಮಾಡುವ ಸೆಟ್ಟಿಂಗ್) ಸರಿಮಾಡಿದರೆ ಚಿತ್ರದ ಚೂಪು ಹೋಗುತ್ತದೆ, ಕೆಲವು ಮಾಡೆಲ್‌ಗಳಲ್ಲಿ ಲ್ಯಾಗೂ ಏರುತ್ತದೆ. ಪರದೆಗೆ ನೇರವಾಗಿಯೇ ಇಡಿ. ಮೊಬೈಲ್ ಗೇಮನ್ನು ವೈಫೈನಲ್ಲಿ ಕಾಸ್ಟ್ ಮಾಡಿ ಆಡಲಾಗದು, ಫೋನ್ ಒಪ್ಪಿದರೆ ಕೇಬಲ್ ಹಾಕಿ. ಬ್ಲೂಟೂತ್ ಸ್ಪೀಕರ್‌ನಲ್ಲೂ ಶಬ್ದ ಹಿಂದೆ ಬೀಳುತ್ತದೆ. ಒಳಗಿನ ಸ್ಪೀಕರ್ ಸಾಕಾಗುವುದಿಲ್ಲ, ವೈರಿನ ಸೌಂಡ್‌ಬಾರಿಗೆ ಬಜೆಟ್‌ನಲ್ಲಿ ಒಂದು ಪಾಲು ತೆಗೆದಿಡಿ.

6. ಅಂಗಡಿಯಲ್ಲಿ, ಮನೆಯಲ್ಲಿ

ಅಂಗಡಿಯವರು ತೋರಿಸುವ ಮೀನು-ಹೂವಿನ ವಿಡಿಯೊ ಯಾವುದರಲ್ಲೂ ಚೆಂದವೇ. ನೀವೇ ಪೆನ್‌ಡ್ರೈವ್‌ನಲ್ಲಿ ರಾತ್ರಿ ದೃಶ್ಯ ಇರುವ ಸಿನಿಮಾ ತುಣುಕು ಹಾಕಿಕೊಂಡು ಹೋಗಿ, ಲೈಟ್ ಆರಿಸಿ ತೋರಿಸಿ ಅನ್ನಿ. ತುಮಕೂರಿನಲ್ಲಿ ಡೆಮೊ ಸಿಗದಿದ್ದರೆ ಬೆಂಗಳೂರು 70 ಕಿಲೋಮೀಟರ್ ಅಷ್ಟೇ. ಸರ್ವಿಸ್ ಎಲ್ಲಿ, ಲ್ಯಾಂಪಿನ ವಾರಂಟಿ ಬೇರೆಯೇ ಎಂದು ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಮನೆಗೆ ತಂದ ರಾತ್ರಿಯೇ ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ಚುಕ್ಕೆ, ಧೂಳಿನ ಕಲೆ ಇದೆಯಾ ನೋಡಿ. ನಾಲ್ಕು ಮೂಲೆಯಲ್ಲೂ ಅಕ್ಷರ ಓದಿ. ನಡುವೆ ಚೂಪಾಗಿದ್ದು ಮೂಲೆಯಲ್ಲಿ ಮಸುಕಾಗಿದ್ದರೆ ಮೊದಲು ನೇರವಾಗಿ ಇಟ್ಟಿದ್ದೀರಾ ಅಂತ ನೋಡಿಕೊಳ್ಳಿ. ಆಗಲೂ ಹಾಗೇ ಇದ್ದರೆ ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ ಬದಲಾಯಿಸಿಕೊಳ್ಳಿ. ಅಲ್ಲಿಯವರೆಗೆ ಸೀಲಿಂಗಿಗೆ ತೂತು ಹೊಡೆಸಬೇಡಿ, ಡಬ್ಬವನ್ನೂ ಎಸೆಯಬೇಡಿ.